ಲೋಟದ ನೀರಿಗೆ ಬಿದ್ದ ಎರಡು ಹೆಂಟೆ

ಮಗಳೇ ಸಂಘಮಿತ್ರ,

ಮೂರು ತಿಂಗಳಿಂದ ನನ್ನ ಫೋನು ನಿನಗೆ ಹೋಗುತ್ತಿಲ್ಲ. ಬ್ಲಾಕ್ ಮಾಡಿದ್ದೀಯ. ಸರಿಯಾಗಿಯೇ ಮಾಡಿದ್ದೀಯ. ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೂ ಓದಿ ಹರಿ. ಸೋಮವಾರ ಹನ್ನೊಂದು ಗಂಟೆಗೆ ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ನಮ್ಮೂರ ಗೋಮಾಳದ ತೀರ್ಮಾನ. ಈಗ ಗೋಮಾಳದ ಇಳಿಜಾರಿನಲ್ಲಿ, ಕೆಳಗಿನ ಬಾರೆಯ ಅಂಚಿನಲ್ಲಿ, ಜೆಸಿಬಿ ನಿಂತಿದೆ. ಅದರ ಹಲ್ಲಿಗೂ ಹುಲ್ಲಿಗೂ ನಡುವೆ ಹತ್ತು ಮಾರು. ಆ ಹತ್ತು ಮಾರಿನಲ್ಲಿ ಕುಳ್ಳಮ್ಮನ ಕುರಿಗಳಿವೆ, ಒಂದು ಬಂಡೆಯಿದೆ, ಬಂಡೆಯ ಮೇಲೆ ಕೂತು ಬರೆಯುತ್ತಿರುವ ನಾನಿದ್ದೇನೆ.

ಅರಳಿಕಟ್ಟೆಯ ಸಭೆಯಲ್ಲಿ ನಾನು ಆಡಿದ್ದನ್ನು ನೀನು ಮರೆತಿರಲಾರೆ. ಆದರೂ ಬರೆದು ಕೊಡುತ್ತೇನೆ, ನನ್ನ ವಿರುದ್ಧ ಸಾಕ್ಷಿಗಿರಲಿ. ಗಿಡ ನೆಡುತ್ತೇವೆಂದು ಬಂದ ಕಂಪನಿಗೆ ಊರೇ ಕೈಮುಗಿದಿತ್ತು. ಅವರ ಕಾಗದದಲ್ಲಿ ಕೆಳಗಿನ ಬಾರೆ ‘ಮರವಿಲ್ಲದ ಪಾಳು’. ಮೈಸೂರಿನಲ್ಲಿ ಮಣ್ಣಿನ ಶಿಲೀಂಧ್ರ ಓದಿ ಬಂದ ನೀನೊಬ್ಬಳು ಎದ್ದು, ಇದು ಪಾಳಲ್ಲ, ಯಾರೂ ಉಳದ ಹಳೆಯ ಹುಲ್ಲುಗಾವಲು, ಇದರ ಬೇರುಗಳಲ್ಲಿ ಶಿಲೀಂಧ್ರವಿದೆ, ಮೂರು ಸಾವಿರ ಗುಂಡಿ ತೋಡಿದರೆ ಎಲ್ಲ ಹರಿದುಹೋಗುತ್ತದೆ ಅಂದೆ. ನಾನು ಮೈಕು ಕಿತ್ತುಕೊಂಡೆ.

‘ಏನಮ್ಮ ಬೂಷ್ಟು ಡಾಕ್ಟ್ರೇ, ಬೂಷ್ಟು ಉಳ್ಸಾಕೆ ಮರಾನೇ ಬ್ಯಾಡ ಅಂತೀಯಾ? ನಿನ್ನ ಯಾವ್ ಕಂಪ್ನಿ ಕಳ್ಸದೆ?’

ಊರು ನಕ್ಕಿತು. ನಮ್ಮ ರೈತಸಂಘದ ಲಿಂಗಯ್ಯ ಶಿಳ್ಳೆ ಹೊಡೆದ. ನೀನು ಅಲ್ಲಾಡಲಿಲ್ಲ. ಮೇಲಿನ ಬಾರೆಯತ್ತ ಕೈ ಚಾಚಿ, ‘ಅದೂ ಹಿಂಗೇ ಇತ್ತು, ಉತ್ತು ಸಾಯಿಸಿದ್ರಿ’ ಅಂದೆ. ಆಗ ನಾನು ಆಡಬಾರದ್ದನ್ನು ಆಡಿದೆ. ‘ಅದು ನಿಮ್ಮಪ್ಪ ನಟರಾಜು ಉತ್ತ ನೆಲ ಕಣಮ್ಮ. ಸತ್ತೋನ ಮುಖಕ್ಕೆ ಉಗೀತೀಯಾ?’

‘ಗೊತ್ತು ದೊಡ್ಡಪ್ಪ. ಅದಕ್ಕೇ ಬಂದಿದ್ದು’ ಅಂದೆ ನೀನು. ಚೀಲ ಹೆಗಲಿಗೇರಿಸಿ ಮೈಸೂರಿನ ಬಸ್ಸು ಹತ್ತಿದೆ.

ಆ ಉಳುಮೆಯ ದಿನ ನಿನಗೆ ಆರು ವರ್ಷ. ನಿಮ್ಮಪ್ಪನ ನೇಗಿಲ ಹಿಂದೆ ಬರಿಗಾಲಲ್ಲಿ ಬಂದಿದ್ದೆ. ಯಾವನೋ ದೊಡ್ಡ ಮನುಷ್ಯ ಗೋಮಾಳಕ್ಕೆ ಬೇಲಿ ಹಾಕಿ ರೆಸಾರ್ಟು ಕಟ್ಟಲು ಹೊರಟಿದ್ದ. ಆಗಲೂ ಕಾಗದದಲ್ಲಿದ್ದದ್ದು ಅದೇ ಪದ, ಪಾಳು. ನಾವು ಆ ಪದವನ್ನು ಸುಡಬೇಕಿತ್ತು. ಸುಡಲಿಲ್ಲ, ನಂಬಿಬಿಟ್ಟೆವು. ಉತ್ತ ನೆಲವನ್ನು ಯಾರಪ್ಪ ಪಾಳು ಅಂತಾನೆ ನೋಡೇಬಿಡೋಣ ಎಂದು ಮೂವತ್ತು ಜೊತೆ ಎತ್ತು, ಎರಡು ಟ್ರಾಕ್ಟರು, ತಮಟೆ ಸಮೇತ ನುಗ್ಗಿದೆವು. ಸಂಜೆಯೊಳಗೆ ಮೇಲಿನ ಬಾರೆ ಪೂರ್ತಿ ಕೆಂಪಾಯಿತು. ಕೆಳಗಿನದಕ್ಕೆ ಇಳಿದಾಗ ಕುಳ್ಳಮ್ಮ ಕುರಿಮಂದೆಯ ಮುಂದೆ ಅಂಗಾತ ಮಲಗಿದಳು. ‘ನನ್ ಕುರಿ ತಿನ್ನೋ ಬಾಯ್ಗೆ ನೇಗ್ಲು ಇಕ್ತೀಯೇನ್ಲಾ ಕಾಂತ? ಇಕ್ಕು, ನನ್ ಮ್ಯಾಗಿಂದ್ಲೇ ಒಡ್ಕಂಡೋಗು!’ ಚಳುವಳಿಗೆ ಅಡ್ಡ ಬಂದವಳೆಂದು ನಾವು ಅವಳನ್ನು ಬೈದು ಹಿಂದಿರುಗಿದೆವು.

ರೆಸಾರ್ಟಿನವನು ಓಡಿಹೋದ. ಊರ ಮುಂದೆ ಗೆಲುವಿನ ನೆನಪಿಗೆ ಕಲ್ಲು ನೆಟ್ಟರು. ಮೊದಲ ಹೆಸರು ನನ್ನದು, ಎರಡನೆಯದು ನಿಮ್ಮಪ್ಪನದು. ಬಿತ್ತನೆಗೆ ಮಾತ್ರ ಕೋರ್ಟಿನ ತಡೆ ಬಂತು. ಬಿಡು, ಹುಲ್ಲು ತಾನೇ ಬರುತ್ತದೆ ಅಂದುಕೊಂಡೆವು. ಇಪ್ಪತ್ತೆರಡು ವರ್ಷವಾಯಿತು. ಬಂದದ್ದು ಕಾಂಗ್ರೆಸ್ ಗಿಡ, ಲಂಟಾನ. ಮಳೆ ಬಂದಾಗೆಲ್ಲ ಮೇಲಿನ ಮಣ್ಣು ಕೆರೆಗೆ ಹೋಗುತ್ತದೆ. ಪ್ರತಿವರ್ಷ ಅದೇ ಕಲ್ಲಿಗೆ ಹಾರ ಹಾಕಿ ನಾನು ಭಾಷಣ ಮಾಡುತ್ತೇನೆ, ಬೆನ್ನನ್ನು ಬಾರೆಗೆ ಕೊಟ್ಟು.

ನೀನು ಹೋಗಿ ಒಂದು ವಾರಕ್ಕೆ ನಾನು ಕುಳ್ಳಮ್ಮನ ಹಟ್ಟಿಗೆ ಹೋದೆ. ಹೊಗೆಸೊಪ್ಪಿನ ಸಸಿ ಬೆಳೆಸುವ ಟ್ರೇಗಳಲ್ಲಿ ನೀನು ಹುಲ್ಲು ಬಿತ್ತಿಟ್ಟು ಹೋಗಿದ್ದೆಯಲ್ಲ, ಅವನ್ನು ತಿಪ್ಪೆಗೆ ಎಸೆಯಲೆಂದೇ ಹೋದೆ. ಸುಳ್ಳು ಹೇಳುವುದಿಲ್ಲ. ಕುಳ್ಳಮ್ಮ ದೊಣ್ಣೆ ಅಡ್ಡ ಇಟ್ಟಳು. ‘ಮೊದ್ಲು ನೋಡ್ಲಾ, ಆಮ್ಯಾಕೆ ಬಿಸಾಕು. ಭಾಷ್ಣ ಮಾಡಿ ಮಾಡಿ ಕಣ್ಣು ಓಗದೇನೋ ನಿಂಗೆ.’

ನೋಡಿದೆ. ಮೂರೂ ಟ್ರೇಗೆ ಒಂದೇ ಕರಡದ ಹುಲ್ಲಿನ ಬೀಜ, ಒಂದೇ ನೀರು. ಕೆಳಗಿನ ಬಾರೆಯ ಮಣ್ಣಿನಲ್ಲಿ ಗೇಣುದ್ದ ಹಸಿರು. ಮೇಲಿನ ಬಾರೆಯ ಮಣ್ಣಿನಲ್ಲಿ ಬೆರಳುದ್ದ ಹಳದಿ. ಮೂರನೆಯದು ನನ್ನ ಎದೆಗೆ ಒದ್ದದ್ದು. ಅದೂ ಮೇಲಿನ ಬಾರೆಯ ಸತ್ತ ಮಣ್ಣೇ, ನೀನು ಅದಕ್ಕೆ ಕೆಳಗಿನ ಒಂದು ಹಿಡಿ ಬೆರೆಸಿದ್ದೆಯಂತೆ. ಅಲ್ಲಿ ಹುಲ್ಲು ಎದ್ದು ನಿಂತಿತ್ತು.

ನೀನು ಹೇಳಿದ್ದನ್ನು ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಬೇರು ಹೋಗಲಾಗದ ಕಡೆಗೆ ಈ ಶಿಲೀಂಧ್ರದ ಎಳೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ. ಮಣ್ಣಿನಿಂದ ರಂಜಕ, ನೀರು ತಂದು ಬೇರಿಗೆ ಕೊಡುತ್ತದೆ. ಹುಲ್ಲು ಬಿಸಿಲಲ್ಲಿ ಮಾಡಿದ ಸಕ್ಕರೆಯಲ್ಲಿ ಪಾಲು ಪಡೆಯುತ್ತದೆ. ಒಂದೇ ಎಳೆ ಹತ್ತು ಜಾತಿಯ ಹುಲ್ಲಿನ ಬೇರು ಹೊಗುತ್ತದೆ, ಕುಲ ಕೇಳುವುದಿಲ್ಲ. ಮಣ್ಣಿನ ಕಣಗಳನ್ನು ಹಿಡಿದು ಅಂಟಿಸಿ ಹೆಂಟೆ ಮಾಡುತ್ತದೆ. ನೇಗಿಲು ಆ ಎಳೆಯನ್ನು ಕತ್ತರಿಸುತ್ತದೆ. ಬುಡಸಮೇತ ಹುಲ್ಲು ಹೋದರೆ ಅನ್ನವಿಲ್ಲದೆ ಅದೂ ಸಾಯುತ್ತದೆ. ನಾನು ನಲವತ್ತು ವರ್ಷ ಸಂಘಟನೆ, ಸಂಘಟನೆ ಎಂದು ಗಂಟಲು ಹರಿದುಕೊಂಡವನು. ನನ್ನ ಕಾಲ ಕೆಳಗಿದ್ದ ಸಂಘಟನೆಯನ್ನು ನಾನೇ ಸೀಳಿದೆ.

ಬೇರು ಬೇಯಿಸಿ, ವಿನಿಗರ್ ಜೊತೆ ನನ್ನ ಪೆನ್ನಿನ ಶಾಯಿ ಹಾಕಿ, ನಿನ್ನ ಸೂಕ್ಷ್ಮದರ್ಶಕದಲ್ಲಿ ನೀಲಿ ಎಳೆ ತೋರಿಸಲು ಕರೆದಿದ್ದೆಯಲ್ಲ, ನಾನು ಬಗ್ಗಲಿಲ್ಲ. ಆ ಕುಪ್ಪಿಯಲ್ಲಿ ಉಳಿದ ಶಾಯಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಈಗ ಇವತ್ತಿನದು ಕೇಳು. ಬೆಳಿಗ್ಗೆ ಸ್ಥಳ ತನಿಖೆಗೆ ಅಧಿಕಾರಿ ಬಂದರು, ಹಿಂದೆಯೇ ಜೆಸಿಬಿ, ಸುತ್ತ ಊರು. ನಾನು ಭಾಗ್ಯಳ ಟೀ ಅಂಗಡಿಯ ಎರಡು ಗಾಜಿನ ಲೋಟದಲ್ಲಿ ನೀರು ಹಿಡಿದು ನಿಂತೆ. ‘ಇದೇನ್ರೀ ಕಾಂತರಾಜು, ಸರ್‌ಬತ್ತಾ?’ ಅಂದರು ಅಧಿಕಾರಿ. ಎಲ್ಲ ನಕ್ಕರು. ಮೇಲಿನ ಬಾರೆಯ ಒಣ ಹೆಂಟೆ ಒಂದಕ್ಕೆ ಬಿಟ್ಟೆ, ಕೆಳಗಿನದು ಇನ್ನೊಂದಕ್ಕೆ. ಮೊದಲನೆಯದು ಉಸಿರು ಬಿಡುವಷ್ಟರಲ್ಲಿ ಕುಸಿದು ಕೆಸರಾಯಿತು. ಎರಡನೆಯದು ಬಿದ್ದಲ್ಲೇ ಕೂತಿತು. ನೀರು ತಿಳಿಯಾಗಿಯೇ ಇತ್ತು. ನಗು ನಿಂತಿತು.

‘ಒಂದೇ ಗೋಮಾಳ, ಒಂದೇ ಮಣ್ಣು. ಮೇಲಿಂದು ಯಾಕೆ ಹೀಗಾಯ್ತು?’

‘ಉತ್ತಿದ್ದಕ್ಕೆ ಸಾರ್.’

‘ಯಾರು ಉತ್ತಿದ್ದು?’

ಬೆನ್ನ ಹಿಂದೆ ಲಿಂಗಯ್ಯನ ಉಸಿರು ಬಿಸಿಯಾಗಿ ತಾಕಿತು. ‘ಅಣ್ಣ, ಬಾಯ್ ಮುಚ್ಕಂಡಿರು. ಕಲ್ಲದೆ ಅಲ್ಲಿ, ಮರೀಬ್ಯಾಡ.’ ಲೋಟಗಳನ್ನು ಬಂಡೆಯ ಮೇಲಿಟ್ಟೆ.

‘ನಾನು’ ಅಂದೆ. ‘ನಾನು, ನಟರಾಜು, ಈ ಊರು. ಒಳ್ಳೇದಕ್ಕೇ ಉತ್ತಿದ್ದು, ತಪ್ಪು ಮಾಡಿದ್ವು. ಈಗ ಕೆಳಗಿನದನ್ನೂ ಅಗೆದ್ರೆ ಅದು ತಪ್ಪಲ್ಲ, ಗೊತ್ತಿದ್ದೂ ಮಾಡೋ ದ್ರೋಹ.’

ಲಿಂಗಯ್ಯ ನನ್ನ ಕಾಲ ಬಳಿ ಉಗಿದ. ‘ನಟ್ರಾಜಣ್ಣನ್ನ ಇವತ್ತು ಎರಡ್ನೇ ಸಲ ಹೂತೆ ಕಣಣ್ಣ’ ಅಂದವನು ಹಸಿರು ಟವಲನ್ನು ನನ್ನ ಹೆಗಲಿಂದ ಎಳೆದುಕೊಂಡು ಹೋದ. ಅವನ ಹಿಂದೆ ಅರ್ಧ ಊರು ಹೋಯಿತು.

ಅಧಿಕಾರಿ ಲೋಟವನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಕೆಟ್ಟ ಮನುಷ್ಯರಲ್ಲ. ‘ಲೋಟ ಫೈಲಿಗೆ ಹಾಕಕ್ಕಾಗಲ್ಲ ಕಣ್ರೀ. ಓದಿದವರು ಸಹಿ ಮಾಡಿದ ವರದಿ ಬೇಕು. ಸೋಮವಾರದವರೆಗೂ ಯಂತ್ರ ನಿಲ್ಲಿಸಿರ್ತೀನಿ’ ಅಂದರು. ಅಷ್ಟೇ ಸಿಕ್ಕಿದೆ ಮಗಳೇ. ಐದು ದಿನ.

ಲಿಂಗಯ್ಯನ ಮಾತು ಬೆಳಿಗ್ಗೆಯಿಂದ ಒಳಗೆ ಕೊರೆಯುತ್ತಿದೆ. ಅದಕ್ಕೆ ಉತ್ತರ ನಿನಗೊಬ್ಬಳಿಗೇ ಹೇಳಬೇಕು. ನಿಮ್ಮಪ್ಪ ಕೊನೆಯ ನಾಲ್ಕು ವರ್ಷ, ಪ್ರತಿ ಮುಂಗಾರಿಗೆ, ಕರಡದ ಬೀಜ ಆರಿಸಿ ತಂದು ಮೇಲಿನ ಬಾರೆಗೆ ಎರಚುತ್ತಿದ್ದ. ‘ಏನ್ಲಾ ನಟ, ಹುಲ್ಲಿಗೂ ಬೇಸಾಯವಾ?’ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವನು ತಲೆ ಎತ್ತುತ್ತಿರಲಿಲ್ಲ. ಬೀಜ ಮೊಳೆಯುತ್ತಿತ್ತು, ಹಳದಿಯಾಗುತ್ತಿತ್ತು, ಸಾಯುತ್ತಿತ್ತು. ಅವನಿಗೆ ತಪ್ಪು ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. ಬೀಜದ ಜೊತೆ ಕೆಳಗಿನ ಬಾರೆಯ ಒಂದೊಂದು ಹಿಡಿ ಮಣ್ಣು ಬೇಕಿತ್ತು, ಅಷ್ಟೇ. ನಿನ್ನ ಮೂರನೆಯ ಟ್ರೇ ಅವನಿಗೆ ನೀನು ಕೊಟ್ಟ ಉತ್ತರ ಎಂದು ಇವತ್ತು ತಿಳಿಯಿತು. ಕೆಳಗಿನದು ಉಳಿದರೆ ಮಾತ್ರ ಮೇಲಿನದಕ್ಕೂ ಜೀವ. ಇದೂ ಹೋದರೆ ಆ ಹಿಡಿಯನ್ನು ಎಲ್ಲಿಂದ ತರುತ್ತೀಯ?

ಕ್ಷಮೆ ಕೇಳಿ ನಿನ್ನನ್ನು ಕಟ್ಟಿಹಾಕುವುದಿಲ್ಲ. ನನ್ನ ಮುಖ ನೋಡಬೇಡ, ವರದಿ ತಂದು ಕಚೇರಿಗೆ ಕೊಟ್ಟು ಹೋಗು. ಟ್ರೇಗಳು ಕುಳ್ಳಮ್ಮನ ಹತ್ತಿರ ಭದ್ರವಾಗಿವೆ. ಬರದೇ ಹೋದರೆ, ಅವತ್ತು ಅವಳು ಮಲಗಿದ ಜಾಗ ನನಗೆ ಗೊತ್ತಿದೆ. ಅಲ್ಲೇ ಮಲಗುತ್ತೇನೆ.

ನಿನ್ನ ಕೈಯಲ್ಲಿರುವ ಹೆಂಟೆ ಯಾವ ನೀರಿಗೂ ಕರಗದಿರಲಿ ಮಗಳೇ.

ಇತಿ,
ಮೇಲಿನ ಬಾರೆಯನ್ನು ಉತ್ತವನು,
ಕಾಂತರಾಜು