ಜೆಟ್ಟಿಗೆ ಸೂಜಿ ಹಾಕಿದ ಮಾವನಿಗೆ

ಮಾವ,

ನನ್ನ ರವಿಕೆ ಹೊಲಿಯೋ ಸೂಜಿ ಪೆಟ್ರೋಲ್ ವಾಸ್ನೆ ಹೊಡೀತೈತೆ. ಕಾರ್ಬೊರೇಟರಿನ ಜೆಟ್ ಚುಚ್ಚಿದ್ದು ಯಾರು ಅಂತ ಕೇಳಲ್ಲ. ಊದಿ ಕ್ಲೀನ್ ಮಾಡ್ರಿ, ಸೂಜಿ ಹಾಕಬ್ಯಾಡ್ರಿ ಅಂತ ಎಷ್ಟು ಸಲ ಹೇಳಿದ್ದೆ? ಜೆಟ್ಟಿನಾಗೆ ಪೆಟ್ರೋಲ್ ಹಾಯೋ ಆ ಸಣ್ಣ ತೂತು ಕೂದಲೆಳೆಯಷ್ಟು ದೊಡ್ಡದಾದ್ರೂ ಪೆಟ್ರೋಲ್ ಜಾಸ್ತಿ ಹೋಗುತ್ತೆ. ನಿನ್ನೆ ಗಾಡಿ ಕರಿ ಹೊಗೆ ಬಿಟ್ಟಿದ್ದು ಅದಕ್ಕೇ, ವಯಸ್ಸಾಗಿದ್ದಕ್ಕಲ್ಲ.

ಜೆಟ್ಟಿನ ನಂಬರ್ ಬರ್ಕೊಂಡು ಹಿರಿಯೂರಿಗೆ ಹೊಂಟಿದ್ದೀನಿ. ಅಲ್ಲಿ ಸಿಗ್ಲಿಲ್ಲ ಅಂದ್ರೆ ದುರ್ಗಕ್ಕೂ ಹೋಗ್ತೀನಿ. ಹೊಸದು ತರದೆ ಮನೆಗೆ ಬರಲ್ಲ.

ಬಿಚ್ಚಿದ ಸಾಮಾನೆಲ್ಲ ದೊಡ್ಡ ತಟ್ಟೇಲಿ ಐತೆ, ಮೇಲೆ ಮೊರ ಮುಚ್ಚಿದ್ದೀನಿ. ಕೋಳಿ ಕೆದಕದಂಗೆ ನೋಡ್ಕಳ್ರಿ. ನೀವೂ ಮುಟ್ಟಬ್ಯಾಡ್ರಿ. ಬೀಡಿ ಹಚ್ಚೋದಾದ್ರೆ ಬೇವಿನ ಮರದ ಕೆಳಗೆ ಹೋಗ್ರಿ. ಮುದ್ದೆ ಬಿಸಿ ಐತೆ, ಆರೋದ್ರೊಳಗೆ ಉಣ್ರಿ.

ಸಂಜೆ ಇಬ್ಬರೂ ಕುಂತು ಜೋಡ್ಸಾಣ. ನಿಮ್ಮ ಕಿವಿ ಬೇಕು ನನಗೆ. ಇಂಜಿನ್ ಸದ್ದು ಕೇಳಿ ರೋಗ ಹೇಳೋರು ಐಮಂಗಲದಾಗೆ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ.

ಗಾಡಿ ತಗಂಡು ಹೋಗೋಕೆ ನೀವು ಕರೆದಿರೋ ಗುಜರಿಯವನು ಮಧ್ಯಾಹ್ನ ಬಂದ್ರೆ, ತಟ್ಟೇಲಿರೋ ಆ ಹಳೇ ಜೆಟ್ ಒಂದನ್ನೇ ಕೊಟ್ಟು ಕಳ್ಸ್ರಿ.

ಮೇಘಶ್ರೀ