ಹೊಳೆಯಾಚೆ ಹುಟ್ಟಿದವನ ಅರ್ಜಿ

ಹೈದರಾಬಾದ್
೯ ಜುಲೈ ೧೯೪೩

ಮಸ್ಕಿಯಲ್ಲಿರುವ ನನ್ನ ಅವ್ವ ಯಮನೂರಮ್ಮನಿಗೆ, ಮಗ ವಿರೂಪಾಕ್ಷಪ್ಪನ ಶರಣು. ಇದನ್ನು ಓದಿ ಹೇಳುತ್ತಿರುವ ಉಸ್ಮಾನ್‌ಸಾಬ್ ಮಾಸ್ತರರಿಗೆ ಸಲಾಮು.

ಅವ್ವಾ, ಕಾಲೇಜಿನಲ್ಲಿ ಫಾರ್ಸಿ ಓದಲು ನನಗೆ ಸೀಟು ಸಿಕ್ಕಿತು. ಪರೀಕ್ಷೆಯಲ್ಲಿ ಮಾಸ್ತರರು ಕಲಿಸಿದ್ದೇ ಬಂದಿತ್ತು. ನೀನು ಹೆಬ್ಬೆಟ್ಟು ಒತ್ತಲು ಒಲ್ಲೆ ಅಂದರೂ ಸಿಕ್ಕಿತು ನೋಡು! ದೊಡ್ಡ ಸಾಹೇಬರಿಗೆ ಕರುಣೆ ಬಂತು.

ನಿನ್ನ ಮೇಲೆ ಸಿಟ್ಟಿಲ್ಲ. ನಾಲ್ಕು ದಿನ ಇತ್ತು, ಸುಳ್ಳು ಯಾಕೆ ಹೇಳಲಿ. ತಪ್ಪು ನನ್ನದೇ. ಅರ್ಜಿಯಲ್ಲಿ ಹುಟ್ಟಿದ ಊರು ಕೇಳಿದರೆ ದೊಡ್ಡ ಸತ್ಯವಂತನಂತೆ ಸಿರುಗುಪ್ಪ ಎಂದು ಬರೆದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಗುಮಾಸ್ತನಿಗೇನು ಗೊತ್ತು? ಹೊಳೆಯಾಚೆ ಇಂಗ್ರೇಜಿ ಸರ್ಕಾರ, ಈಚೆ ನಿಜಾಮರದು. ಆಚೆ ಹುಟ್ಟಿದವನು ಈ ಮುಲ್ಕಿನವನಲ್ಲ, ಪರನಾಡಿನವನು ಎಂದು ಅರ್ಜಿ ಹಿಂದಕ್ಕೆ ತಳ್ಳಿದ. ಮೂರು ತಿಂಗಳ ಕೂಸಿದ್ದಾಗಿನಿಂದ ಮಸ್ಕಿಯಲ್ಲೇ ಇದ್ದೇನೆ ಎಂದರೂ ಕೇಳಲಿಲ್ಲ. ಅಪ್ಪ ಇಲ್ಲದವನು, ತಾಯಿಯೇ 'ಮಸ್ಕಿಯಲ್ಲಿ ಹೆತ್ತೆ' ಎಂದು ಬರೆಸಿ ಹೆಬ್ಬೆಟ್ಟು ಒತ್ತಿಕೊಟ್ಟರೆ ಸಾಕು ಅಂದ.

ಅದಕ್ಕೆ ನೀನು ಬರೆಸಿದ ಉತ್ತರ ನನಗೆ ಬಾಯಿಪಾಠವಾಗಿದೆ. 'ನಮ್ಮವ್ವ ಜ್ವರದಾಗ ಎದ್ದು ಬಂದು ನಿನ್ನ ಕೈಯಾಗ ಹಿಡಕೊಂಡ್ಳು, ಒಂಬತ್ತನೇ ದಿನಕ್ಕ ಹೋಗಿಬಿಟ್ಳು. ಅದೆಲ್ಲಾ ಆಗೇ ಇಲ್ಲ ಅಂತ ನಾ ಹೆಂಗ ಒತ್ತಲಿ? ನಾ ಒಲ್ಲೆಪ್ಪಾ.' ನಿನ್ನ ಹಟ ನಿನಗಿರಲಿ.

ಇಲ್ಲಿ ಕೋಣೆಗೆ ನಾಲ್ಕು ಜನ ಇದ್ದೇವೆ. ನಾನು ಉರ್ದು ಆಡಿದರೆ ಮೂವರೂ ಮುಖ ಮುಖ ನೋಡಿಕೊಂಡು ನಗುತ್ತಾರೆ, ಅದಕ್ಕೇ ಸುಮ್ಮನಿರುತ್ತೇನೆ. ಮೊನ್ನೆ ಬಜಾರಿನಲ್ಲಿ ಶೇಂಗಾ ಮಾರುವ ಮುದುಕಿ 'ಯಾವೂರಪ್ಪಾ ತಮ್ಮಾ?' ಅಂದಳು. ನಮ್ಮ ಕಡೆಯ ಗುರುಗುಂಟಾದವಳಂತೆ. ಹಸಿವಿಲ್ಲದಿದ್ದರೂ ಎರಡು ಸಲ ಶೇಂಗಾ ಕೊಂಡೆ. ಮೂರನೇ ಸಲ ಹೋದಾಗ ಗಿರಾಕಿಗಳಿದ್ದರು, ಅವಳು ನನ್ನ ಕಡೆ ನೋಡಲಿಲ್ಲ. ಆವತ್ತು ಅಳು ಬಂತು ಅವ್ವಾ. ಈ ಊರಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ
ವಿರೂಪಾಕ್ಷಪ್ಪ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಇಷ್ಟು ಬರೆಯುತ್ತಿದ್ದೇನೆ. ಮಾಸ್ತರರೇ, ಇದನ್ನೂ ಬಿಡದೆ ಓದಿರಿ. ಯಾವ ಸಾಹೇಬರಿಗೂ ಕರುಣೆ ಬಂದಿಲ್ಲ ಅವ್ವಾ. 'ಮಸ್ಕಿಯಲ್ಲಿ ಹೆತ್ತೆ' ಎಂಬ ಕಾಗದ ನಾನೇ ಬರೆದೆ, ನಿನ್ನ ಹೆಸರಿನ ಕೆಳಗೆ ನನ್ನ ಹೆಬ್ಬೆಟ್ಟು ಒತ್ತಿ ಕೊಟ್ಟೆ. ನಿಜವೋ ಸುಳ್ಳೋ ಕೇಳಲು ಲಿಂಗಸುಗೂರು ಕಚೇರಿಯಿಂದ ನಿನ್ನ ಹತ್ತಿರ ಜನ ಬರುತ್ತಾರೆ. ಹೌದು ಅನ್ನು ಎಂದು ಬೇಡಿಕೊಳ್ಳಲೆಂದೇ ಈ ಪತ್ರಕ್ಕೆ ಕೂತಿದ್ದೆ. ನನ್ನಿಂದ ಆಗಲಿಲ್ಲ. ಅವರು ಬಂದರೆ ನಿಮ್ಮವ್ವನ ಹೆಸರು ಹೇಳು, ಊರೂ ಹೇಳು. ಸೀಟು ಹೋದರೆ ಮನೆಗೇ ಬರುತ್ತೇನೆ. ಬಾ ಅನ್ನುತ್ತೀಯಲ್ಲ?