ಐಡಲ್ ಎಂದರೆ ವಿಗ್ರಹ

ಸನ್ನಿವೇಲ್
ಗುರುವಾರ, 13 ನವೆಂಬರ್ 2025

ಪ್ರಭಾ ಮಗಳೇ,

ಹಾಗಲ್ಲಮ್ಮ, ನಿನ್ನೆ ನೀನು ಫೋನಿಟ್ಟ ಮೇಲೂ ನಾನು ಮಾತಾಡುತ್ತಲೇ ಇದ್ದೆ. ಕಟ್ಟಾಗಿದೆ ಎಂದು ತಿಳಿಯುವಷ್ಟರಲ್ಲಿ ಅರ್ಧ ವಾದವನ್ನು ಗೋಡೆಗೆ ಹೇಳಿಯಾಗಿತ್ತು. ಅದಕ್ಕೇ ಈ ಕಾಗದ. ಕಾಗದವನ್ನು ನಡುವೆ ತಡೆದು, ಅಪ್ಪಾ ನಂಗೆ ಮೀಟಿಂಗು ಇದೆ, ಅನ್ನಲಾಗುವುದಿಲ್ಲ.

ನೀನು ಹೇಳಿದ್ದು ಇಷ್ಟು. ನನ್ನ ಅರೆಬರೆ ಇಂಗ್ಲಿಷು ನೋಡಿಕೊಂಡು ಶರಣ್ಯಾ ನನ್ನನ್ನು ಯಾಮಾರಿಸಿದಳು. ಹದಿಮೂರು ವರ್ಷಕ್ಕೇ ಸ್ವಂತ ತಾತನಿಗೆ ಟೋಪಿ ಹಾಕುವುದು ಕಲಿತಳು. ಇನ್ನು ಸ್ಕೂಲು ಬಿಟ್ಟ ಮೇಲೆ ನನ್ನ ಅಪಾರ್ಟ್‌ಮೆಂಟಿಗೆ ಬರುವುದೇ ಬೇಡ. ಸೋಮವಾರದಿಂದ ಅವಳು ಬಂದಿಲ್ಲ. ಬರಲಿ ಎಂದು ಕೇಳಲು ಬರೆಯುತ್ತಿದ್ದೇನೆ.

ಮೊದಲು ಆ ಪದದ ವಿಷಯ. ತಾತಾ, ಐಡಲ್ ಮೆಟಲ್ ನೋಡೋಕೆ ಕರ್ಕೊಂಡ್ ಹೋಗ್ತೀಯಾ, ಸ್ಯಾನ್ ಹೋಸೆಗೆ ಬಂದಿದೆ, ಫ್ರಮ್ ಜಪಾನ್, ಎಂದಳು. ಮೂವತ್ತನಾಲ್ಕು ವರ್ಷ ಎರಕದ ಶಾಪಿನಲ್ಲಿ ಬೆವರು ಸುರಿಸಿದವನಿಗೆ ಇನ್ನೇನು ಅರ್ಥವಾಗಬೇಕು ಹೇಳು? ಕಂಚಿನ ಬುದ್ಧನೇ ಕಣ್ಣಮುಂದೆ ಬಂದ. ಐಡಲ್ ಎಂಬುದು ನನಗೆ ಪಿಯುಸಿಯಿಂದ ಗೊತ್ತಿರುವ ಪದ. ಐ-ಡಿ-ಒ-ಎಲ್, ಐ-ಡಿ-ಎಲ್-ಇ, ಎರಡನ್ನೂ ಸ್ವಂತ ವಾಕ್ಯಗಳಲ್ಲಿ ಬಳಸಿರಿ. ‘ದಿ ಐಡಲ್ ಮ್ಯಾನ್ ಮೇಡ್ ಆ್ಯನ್ ಐಡಲ್’ ಎಂದು ಎರಡನ್ನೂ ಒಂದರಲ್ಲೇ ಮುಗಿಸಿದ್ದೆ. ಕೆಂಪರಾಜು ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದ್ದರು, ಹೊಗಳಲಿಕ್ಕೋ ನಗಲಿಕ್ಕೋ ಈಗ ನೆನಪಿಲ್ಲ.

ಅವಳಿಗೆ ಒಂದು ಗಂಟೆ ಪಂಚಲೋಹದ ಪಾಠ ಮಾಡಿದೆ. ಮೇಣದ ಅಚ್ಚು, ಮಣ್ಣಿನ ಲೇಪ, ಎಲ್ಲ. ಕೊನೆಗೆ, ದಟ್ಸ್ ಸೋ ಮೆಟಲ್, ತಾತಾ, ಎಂದಳು. ಹೌದು ಪುಟ್ಟಾ, ಐದಕ್ಕೆ ಐದೂ ಮೆಟಲ್ಲೇ, ಎಂದೆ.

ಅವಳನ್ನು ಕರೆದೊಯ್ಯಲೇ ಎಂದು ನಿನಗೆ ಫೋನು ಮಾಡಿದಾಗ ನೀನು ಫಾಸ್ಟರ್ ಸಿಟಿಯಿಂದ ಬರುತ್ತಾ ಫ್ರೀವೇಯಲ್ಲಿ ನಿಂತಿದ್ದೆ. ನಿಜ್ವಾಗ್ಲೂ ವಿಗ್ರಹ ನೋಡ್ಬೇಕಂತಾ, ಎಂದು ಮೂರು ಸಲ ಕೇಳಿದೆ. ಅಷ್ಟು ಖುಷಿಯ ದನಿ ನಾನು ಕೇಳಿ ಬಹಳ ದಿನವಾಗಿತ್ತು. ಸಂಗೀತದ ಟೀಚರು ಗಾರ್ಗಿಗೂ ಹೇಳಿಕೊಂಡೆಯಂತೆ. ಭಾನುವಾರ ದೇವಸ್ಥಾನದಲ್ಲಿ ಹಾಡಬೇಕಾದ ಶರಣ್ಯಾಳ ಬಾಯಿಂದ ಬರೀ ಗಾಳಿ ಬಂದಾಗ ಅದೇ ಗಾರ್ಗಿಯ ಎದುರು ನಿನಗೆ ಎಷ್ಟು ಅವಮಾನವಾಯಿತೋ ನನಗೆ ಗೊತ್ತು. ಮೂರನೆಯ ಸಾಲಿನಲ್ಲೇ ಕುಳಿತಿದ್ದೆನಲ್ಲ.

ಎದ್ದು ಹೋಗಿ ಬಾಗಿಲು ನೋಡಿ ಬಂದೆ. ಮೂರೂ ಮುಕ್ಕಾಲು. ಇದು ಅವಳು ಬ್ಯಾಗು ಎಸೆಯುವ ಹೊತ್ತು. ಚಹಾಕ್ಕೆ ನೀರಿಟ್ಟು ಮರೆತು, ಪಾತ್ರೆ ಸೀದು, ಮತ್ತೆ ಇಟ್ಟಿದ್ದೇನೆ.

ನಾವು ಕೊನೆಗೆ ಕೇಳಿಬಂದ ಆ ಜಪಾನಿ ಹಾಡುಗಳ ಬಗ್ಗೆ ನೀನು ಕೇಳಲೇ ಇಲ್ಲ. ನಾಲ್ಕು ಹುಡುಗಿಯರು, ಮೈಮೇಲೆ ಕೆಂಪು ಲಂಗ, ಹಿಂದೆ ಸುತ್ತಿಗೆ ಬಡಿದ ಹಾಗೆ ಡ್ರಮ್ಮು. ನಮ್ಮ ಶಾಪಿನ ಎರಡನೇ ಪಾಳಿಯೇ ಅದು. ಆ ಗದ್ದಲದ ಮೇಲೆ ಹಾಜರಿ ಹೇಳುವ ಮಕ್ಕಳ ಹಾಗೆ ಇವರ ಸಣ್ಣ ದನಿ. ಜಪಾನಿಯನ್ನು ಶರಣ್ಯಾ ಎಲ್ಲಿಂದಲೋ ಇಂಗ್ಲಿಷಿಗೆ ತರುತ್ತಿದ್ದಳು, ಅದನ್ನು ನಾನು ಕನ್ನಡಕ್ಕೆ ಎಳೆಯುತ್ತಿದ್ದೆ. ಒಂದು ಹಾಡು ಬಸ್ಸಿನಲ್ಲಿ ಛತ್ರಿ ಮರೆತವಳದು. ಎಲ್ಲರಿಗೂ ಬಾಯಿಪಾಠವಾಗಿರುವ ಇನ್ನೊಂದು, ಅಲಾರಂ ಆರಿಸಿ ಇನ್ನೈದೇ ನಿಮಿಷ ಎಂದು ಅಂಗಲಾಚುವ ಹುಡುಗಿಯದು. ಆತೊ ಗೊಫುನ್ ಎಂದರೆ ಇನ್ನೈದು ನಿಮಿಷ.

ಹೌದು, ಓದುತ್ತಾ ನಿನಗೆ ಅನುಮಾನ ಬಂದಿರುತ್ತದೆ. ಇದನ್ನೆಲ್ಲ ನಾವು ಕೂತು ಅರ್ಥ ಮಾಡಿಕೊಂಡಿದ್ದು ಶನಿವಾರ ಅಲ್ಲಿಗೆ ಹೋಗುವ ಮೊದಲೇ. ಮಂಗಳವಾರ ಅವಳು ವಿಡಿಯೋ ತೋರಿಸಿದಾಗ ನನಗೆ ಗೊತ್ತಾಯಿತು, ಇದು ವಿಗ್ರಹವಲ್ಲ, ಕುಣಿತ ಎಂದು; ಐಡಲ್ ಎಂದರೆ ಅವರಲ್ಲಿ ಹಾಡಿ ಕುಣಿಯುವ ಹುಡುಗಿ, ಮೆಟಲ್ ಎಂದರೆ ಈ ಗದ್ದಲದ ಸಂಗೀತ. ಅವಳೂ ನಿನಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆವು. ಇಷ್ಟೇ ನಡೆದದ್ದು.

ಶನಿವಾರ ಮಧ್ಯಾಹ್ನದ ಆಟ. ತೋಳಿಡೀ ಹಚ್ಚೆ ಹಾಕಿಸಿಕೊಂಡ ಒಬ್ಬ ದಡಿಯ ನನಗೆ ಸರ್ ಸರ್ ಎನ್ನುತ್ತಾ ಕಿವಿಗೆ ಹಾಕಲು ಹತ್ತಿಯಂಥದೇನೋ ಕೊಟ್ಟ. ತಲೆದೂಗುವುದನ್ನು ಕಛೇರಿಯಲ್ಲಿ ನಾವೂ ಮಾಡುತ್ತೇವೆ, ಇವರು ಸೊಂಟದಿಂದ ದೂಗುತ್ತಾರೆ ಅಷ್ಟೆ. ಆ ಅಲಾರಂ ಹಾಡು ಬಂದಾಗ ಹುಡುಗಿಯರು ಮೈಕನ್ನು ನಮ್ಮ ಕಡೆ ಹಿಡಿದರು. ಸಾವಿರಾರು ಜನ ಆತೊ ಗೊಫುನ್ ಎಂದು ಕೂಗಿದರು. ನಾನೂ ಕೂಗಿದೆ. ನಿಮ್ಮಮ್ಮನ ಕೊನೆಯ ದಿನ ಆಸ್ಪತ್ರೆಯಲ್ಲಿ ಆ ನರ್ಸು, ಸರ್, ಹೊರಗೆ ಬನ್ನಿ, ಅಂದಾಗ ಆಯಿತು ಎಂದು ಎದ್ದುಬಂದವನು ನಾನು. ಅವತ್ತು ಬಾಯಿಗೆ ಬಾರದ ಮಾತು ಅಲ್ಲಿ ಜಪಾನಿಯಲ್ಲಿ ಬಂತು. ನಿಲ್ಲಿಸಲು ಆಗಲಿಲ್ಲ. ಶರಣ್ಯಾ ನನ್ನ ಕೈ ಹಿಡಿದು ನನಗಿಂತ ಜೋರಾಗಿ ಕೂಗಿದಳು, ನಾನು ಕೂಗುವುದು ಯಾರಿಗೂ ಕೇಳದಿರಲಿ ಎಂಬಂತೆ. ಅವಳ ಗಂಟಲು ಹೋದದ್ದು ಹಾಗೆ.

ಅವಳನ್ನು ಕಳಿಸಮ್ಮ. ಬೇಡ ಎಂದರೆ ವಾರಕ್ಕೆರಡು ದಿನವಾದರೂ

ಈ ಸಾಲು ಡೊಂಕಾಗಿದೆ, ಈಗ ಗಮನಿಸಿದೆ. ಕಿಟಕಿಯ ಬೆಳಕು ಹೋಗುತ್ತಿದೆ, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಪ್ಪ
ಶೇಷಗಿರಿ

ತಾ.ಕ.: ಸುಳ್ಳು ಬರೆದಿದ್ದೇನೆ. ಶನಿವಾರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಶರಣ್ಯಾ ನಿನಗೆ ಮೆಸೇಜು ಟೈಪ್ ಮಾಡಿದ್ದಳು. ಅಮ್ಮಾ, ಇದು ವಿಗ್ರಹ ಅಲ್ಲ, ಕಾನ್ಸರ್ಟು, ತಾತನಿಗೂ ಗೊತ್ತು, ಹೋಗ್ಲಾ, ಎಂದು. ಕಳಿಸುವ ಮೊದಲು ನನಗೆ ತೋರಿಸಿದಳು. ಅಳಿಸು ಎಂದವನು ನಾನು. ನೀನು ಬೇಡ ಅನ್ನುತ್ತಿದ್ದೆ, ನನಗೆ ಹೋಗಬೇಕಿತ್ತು. ಇಷ್ಟು ದಿನ ಬೈಸಿಕೊಂಡೂ ಅವಳು ನನ್ನ ಹೆಸರು ಎತ್ತಿಲ್ಲ. ನನ್ನ ಹತ್ತಿರ ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಅವಳಿಂದ ಕಿತ್ತುಕೊಂಡ ಫೋನನ್ನು ಮಾತ್ರ ಇವತ್ತೇ ಕೊಟ್ಟುಬಿಡು.